ಬ್ಯಾಸಿಗಿ ಕೂಸು

ಹೆಣ ಇಟ್ಟ ಜನಾಜಾಕ್ಕ ಹೆಗಲು ಕೊಡಾಕ ನಾಕು ಮಂದಿ ಬಗ್ಗಿದ್ರು. ಸತ್ತವನ ಸಾಲಿ ಗೆಳೆಯ ಶೇಕ್ಷಾವಲಿ ಕೈ ಅಡ್ಡ ಹಿಡಿದ. 'ಮಾಫ್' ಇನ್ನೂ ಆಗಿರಲಿಲ್ಲ. ಗಂಡನ ತಪ್ಪೆಲ್ಲ ಮಾಫ್ ಮಾಡೀನಿ ಅಂತ ಹೆಂಡ್ತಿ ಬಾಯಿಬಿಟ್ಟು ಅನ್ನಬೇಕು, ಆಮ್ಯಾಲೆ ಎತ್ತೋದು.

ಸತ್ತಾಂವ ಗೊರೇಬಾಳ ಕ್ರಾಸಿನ ಪಂಚರ್ ಖಾಜಾಸಾಬ್. ಅವನ ಅಂಗಡ್ಯಾಗ ಗಾಳಿಗೆ ರೊಕ್ಕ, ಬೈಗುಳ ಫ್ರೀ. ವಿಲನ್ ಎಂಟ್ರಿಗೆ ಮ್ಯೂಸಿಕ್ ಬೇಕು, ಇವನ ಎಂಟ್ರಿಗೆ ಪಾನಾ ಒಗೆದ ಸಪ್ಪಳ ಸಾಕು. "ಮೇ ತಿಂಗಳಾಗ ಹುಟ್ಟೀನಿ ಲೇ, ಮೈಯಾಗ ಓಡೋದು ರಕ್ತ ಅಲ್ಲ, ಬಿಸಿಲು" ಅಂತ ಡೈಲಾಗ್ ಬ್ಯಾರೆ. ಊರು ನಂಬಿತ್ತು. ಹೆಂಡ್ತಿ ನಜಮಾ ಊರಕಿಂತ ಜಾಸ್ತಿ ನಂಬಿದ್ಲು. ಅಂವ ಕೆರಳಿದಾಗೆಲ್ಲ ಕೊಡದಾಗ ಟವೆಲ್ ಅದ್ದಿ ತಲಿಮ್ಯಾಲೆ ಹಾಕ್ತಿದ್ಲು.

*

ಆರು ವರ್ಷದ ಹಿಂದ ಮಗಳು ಶಾಜಿಯಾ ಲಿಂಗಸುಗೂರಿಗೆ ಹೋಗಿ ನರ್ಸಿಂಗ್ ಓದ್ತೀನಿ ಅಂದ್ಲು. ಖಾಜಾಸಾಬ್ ಅಕಿ ಚೀಲ ರಸ್ತೆಗೆ ಒಗೆದ, ಮತ್ತ ಈ ಹೊಸ್ತಿಲ ತುಳಿಬ್ಯಾಡ ಅಂದ. ಅವತ್ತಿಂದ ಪ್ರತಿ ಶುಕ್ರವಾರ ನಜಮಾ ಫೋನಿನಾಗ ಹೇಳೋದು ಒಂದೇ.

"ಬ್ಯಾಸಿಗಿ ಕೂಸು ಅದು, ಬೇಟಿ. ಆರೋತನ ತಡಿ."

ಶಾಜಿಯಾ ತಡದ್ಲು. ಇವತ್ತು ಮುಂಜಾನೆ ಅಂವ ಪೂರಾ ಆರಿದ್ದ.

*

ಈಗ ಅಕಿ ಹೊಸ್ತಿಲ ಹೊರಗೇ ನಿಂತಿದ್ಲು. ಒಳಗ ಯಾರೋ "ಬ್ಯಾಸಿಗಿ ಕೂಸು, ಪಾಪ" ಅಂದ್ರು. ಖಾಜಾಸಾಬನ ಚಿಕ್ಕಮ್ಮ ಸುಭಾನಬಿ ತಲಿ ಎತ್ತಿದ್ಲು. ತನ್ನ ಮದುವ್ಯಾಗ ಅಂವ ಬೈದು ಕಳಿಸಿದ ಮ್ಯಾಲೆ ಮುದುಕಿ ಮಸ್ಕಿಯಿಂದ ಈ ಕಡೆ ಬಂದದ್ದು ಇವತ್ತೇ.

"ಯಾವ ಬ್ಯಾಸಿಗಿ? ಕೊರಿಯೋ ಥಂಡ್ಯಾಗ ಹುಟ್ಯಾನ. ಕೂಸು ನೀಲಿ ಆಗಿತ್ತು, ಮೂರು ದಿನ ಎದಿಗೆ ಅವಚಿಗೊಂಡು ಬದುಕಿಸೀನಿ."

ಸಾಲಿ ಕಾಗದದಾಗ ಮೇ ಹದಿನೈದು ಐತಲ್ಲ ಅಂತ ಶೇಕ್ಷಾವಲಿ ಕೇಳಿದ.

"ಅದು ಮಾಸ್ತರ ಹಚ್ಚಿದ ತಾರೀಕು. ಎಲ್ಲಾ ಹುಡುಗರಿಗೂ ಅದನ್ನೇ ಬರದಾನ. ನಿಂದೂ ಅದೇ ಇರಬೇಕು ನೋಡಪ್ಪ."

ಶೇಕ್ಷಾವಲಿದೂ ಅದೇ ಇತ್ತು. ಅಂವ ಜೀವನದಾಗ ಒಂದು ಕೋಳಿಗೂ ಜೋರು ಮಾಡಿದಾಂವಲ್ಲ.

ನಜಮಾ ಮಗಳ ಕಡೆ ನೋಡಿದ್ಲು. ಮಗಳು ತನ್ನ ಚಪ್ಪಲಿ ನೋಡಾಕತ್ತಿದ್ಲು.

"ಭಾಭಿ, ಬಿಸಿಲು ಏರಾಕತ್ತೈತಿ. ಅಂದುಬಿಡ್ರಿ" ಅಂದ ಶೇಕ್ಷಾವಲಿ, ನೆಲ ನೋಡಿಕೋಂತ.

ನಜಮಾನ ತುಟಿ ಅಲುಗಿತು. ಮಾತು ಬರಲಿಲ್ಲ. ಗಂಡಸರು ಅದನ್ನೇ ಮಾಫ್ ಅಂತ ತಿಳಕೊಂಡು ಜನಾಜಾ ಎತ್ತಿದ್ರು. ಶಾಜಿಯಾ ದಾರಿ ಬಿಟ್ಟು ಪಕ್ಕಕ್ಕ ಸರಿದ್ಲು.

ಅಂಗಳ ಖಾಲಿ ಆತು. ನಜಮಾ ಕೊಡದಾಗ ಟವೆಲ್ ಅದ್ದಿದ್ಲು, ಹಿಂಡಿದ್ಲು, ಕೈಯಾಗ ಹಿಡಕೊಂಡು ನಿಂತ್ಲು. ಮತ್ತ ಅದ್ದಿದ್ಲು. ಹೊರಗ ಮಗಳ ಚಪ್ಪಲಿ ಸಪ್ಪಳ ಬಸ್‌ಸ್ಟ್ಯಾಂಡ್ ಕಡೆ ಹೊಂಟಿತ್ತು.