ಬಾಗಿಲು ಬೀಳದ ಬೋನು

ಇಲಿಯೆಂದರೆ ವಿಶಾಲಾಕ್ಷಮ್ಮನವರಿಗೆ ನಲವತ್ತು ವರ್ಷದ ಹಗೆ. ಕಡೂರಿನ ಅವರ ಮನೆಯ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ವರ್ಷವಿಡೀ ಒಣಗುವ ಕಾಯಿಗಳನ್ನು ಅವು ಕೊರೆಯದೆ ಬಿಟ್ಟಿದ್ದೇ ಇಲ್ಲ. ಅಂಥವರು ಒಂದು ಬೆಳಿಗ್ಗೆ ಗಂಡನ ಕೈಯಿಂದ ಇಲಿಬೋನನ್ನು ಕಿತ್ತುಕೊಂಡರು.

"ಏನೇ, ಅಟ್ಟಾನ ಇಲಿಗೇ ಖಾತೆ ಮಾಡ್ಕೊಡ್ತೀಯಾ?" ಎಂದರು ರುದ್ರಮೂರ್ತಿ.

"ನನ್ ಗಡ್ಡೆ ಹೊತ್ಕೊಂಡು ಅಲ್ಲಿ ಹತ್ತು ಇಲಿ ಕೂತವೆ ಕಣ್ರೀ. ಇಲ್ಲಿ ಅವುಗಳ ನೆಂಟ್ರನ್ನ ಹೆಂಗೆ ಸಾಯ್ಸೋದು?"

ಮಾತು ನಿಜವೇ. ಅವರ ಎದೆಯ ಗಡ್ಡೆಯಿಂದ ಪರೀಕ್ಷೆಗೆಂದು ತೆಗೆದ ಚೂರನ್ನು, ಅವರ ಒಪ್ಪಿಗೆ ಪಡೆದು, ಬೆಂಗಳೂರಿನ ಲ್ಯಾಬಿನಲ್ಲಿ ಇಲಿಗಳ ಮೈಯೊಳಗೆ ಬೆಳೆಸಿದ್ದರು. ಈ ನಡುವೆ ಅವರಿಗೆ ಕೊಟ್ಟ ಮೊದಲ ಔಷಧಕ್ಕೆ ಕ್ಯಾನ್ಸರ್ ಜಗ್ಗಿರಲಿಲ್ಲ. ಡಾಕ್ಟರ ಕೈಯಲ್ಲಿ ಉಳಿದಿದ್ದ ಇನ್ನೆರಡು ಔಷಧಗಳಲ್ಲಿ ಯಾವುದು ನಾಟೀತೆಂದು ಇಲಿಗಳಿಗೆ ಕೊಟ್ಟು ನೋಡುತ್ತಿದ್ದವಳು ಪಕ್ಕದ ಬೀದಿಯ ಮೆಹರುನ್ನೀಸಾರ ಮಗಳು ಅತೀಯಾ.

ಅವಳು ಊರಿಗೆ ಬಂದಾಗ ವಿಶಾಲಾಕ್ಷಮ್ಮ ಅಟ್ಟದ ಅತಿ ಒಳ್ಳೆಯ ಕೊಬ್ಬರಿಯನ್ನು ಆರಿಸಿ ಡಬ್ಬಿ ತುಂಬಿಸಿ, "ನಿನ್ನಿಲಿಗಳಿಗೆ ಕೊಡವ್ವ" ಎಂದರು. ಅತೀಯಾ ನಗಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡಳು.

ಹದಿನೈದು ದಿನಕ್ಕೆ ಅವಳ ಫೋನು ಬಂತು.

"ಅಜ್ಜೀ, ಒಂದು ತಪ್ಪಾಯ್ತು. ಆ ಇಲಿಗಳಿಗೆ ರೋಗ ತಡಿಯೋ ಶಕ್ತೀನೇ ಇಲ್ಲ, ಹೊರಗಿಂದು ಏನೂ ಕೊಡಂಗಿಲ್ಲ. ಕೊಬ್ಬರೀನ ನಾವೇ ತಿಂದ್ಬಿಟ್ವಿ."

"ತಿನ್ನಿ ಬಿಡು. ಗಡ್ಡೆ ಏನಾಯ್ತೇ?"

"ಎರಡನೇ ಔಷಧ ಕೊಟ್ಟ ಇಲಿಗಳಲ್ಲಿ ಅರ್ಧಕ್ಕಿಳಿದಿದೆ! ನಿಮಗೂ ಅದನ್ನೇ ಶುರು ಮಾಡ್ತಾರೆ. ಆದ್ರೆ ಇಲಿ ಇಲೀನೇ, ನೀವು ನೀವೇ. ಹಂಗೇ ಆಗುತ್ತೆ ಅಂತ ಭಾಷೆ ಕೊಡಕ್ಕಾಗಲ್ಲ."

"ಅವಕ್ಕೆ ನೋವಾಗುತ್ತೇನವ್ವ?"

"ಆಗ್ದಂಗೆ ನೋಡ್ಕೋತೀವಿ ಅಜ್ಜಿ. ಆದ್ರೆ ಕೊನೇಗೆ ಅವು ಉಳಿಯಲ್ಲ."

ವಿಶಾಲಾಕ್ಷಮ್ಮ ಅಂದು ಪೂಜೆಯಲ್ಲಿ ಆ ಹತ್ತಕ್ಕೂ ಸೇರಿಸಿ ಒಂದು ಹೂವು ಹೆಚ್ಚಿಗೆ ಏರಿಸಿದರು.

ಮೂರು ತಿಂಗಳ ಮೇಲೆ ಸ್ಕ್ಯಾನ್ ಆಯಿತು. ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಕಡಲೆಕಾಳಿನಷ್ಟಾಗಿತ್ತು. ಡಾಕ್ಟರು ಹೇಳುತ್ತಿದ್ದಂತೆಯೇ ರುದ್ರಮೂರ್ತಿಗಳು ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸಿದರು. ಮನೆಗೆ ಬಂದವರೇ ಬೋನು ಹುಡುಕಿ ತೆಗೆದು ಅಟ್ಟ ಹತ್ತಿದರು.

"ರೀ! ಇವತ್ತೇ ಬೋನಿಡ್ತೀರಾ?"

ಮೇಲಿನಿಂದ ಉತ್ತರ ಬಂತು: "ಬಾಗ್ಲು ಬೀಳ್ದಂಗೆ ದಾರ ಕಟ್ಟಿದೀನಿ ಕಣೇ. ಒಳಗೊಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ತಿಂದ್ಕೊಂಡು ಹೋಗ್ಲಿ."