ಸುಮ್ಮನೆ ಕ್ಲಿಕ್ ಮಾಡಿ

ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿದ ಮೇಲೆ ಜಯಶ್ರೀಗೆ ಕಾರವಾರದಲ್ಲಿ ಮಾತಾಡಲು ಯಾರೂ ಉಳಿಯಲಿಲ್ಲ. ಕೋಡಿಬಾಗದಲ್ಲೊಂದು ಬಾಡಿಗೆ ಕೋಣೆ, ಹಳೆಯ ಲ್ಯಾಪ್‌ಟಾಪು, ಮದುವೆ ಕಾರ್ಡು, ಬ್ಯಾನರುಗಳ ಬಿಡಿ ಕೆಲಸ. ಗಿರಾಕಿಗಳು ಬರುತ್ತಿರಲಿಲ್ಲ, ಅವರ ವಾಟ್ಸಾಪ್ ಬರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ, ಬೆಳಿಗ್ಗೆಯಿಂದ ತಾನು ಬಾಯೇ ತೆರೆದಿಲ್ಲವೆಂದು ಒಮ್ಮೊಮ್ಮೆ ಅವಳಿಗೆ ಹೊಳೆಯುತ್ತಿತ್ತು.

ಪ್ರೆಸ್ಸಿನಲ್ಲಿದ್ದಂಥ ಸಾಫ್ಟ್‌ವೇರ್ ಕೊಳ್ಳುವುದು ಅವಳ ಕೈಲಾಗದ ಮಾತು. ಅದಕ್ಕೇ ಓಪನ್ ಸೋರ್ಸಿನದೊಂದನ್ನು ಹಾಕಿಕೊಂಡಳು. ದೇಶದೇಶದ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಆದರೆ ಅದರಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರುತ್ತಿತ್ತು. ಬಳಕೆದಾರರ ಗುಂಪಿನಲ್ಲಿ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದಳು. 'ಕೈಪಿಡಿಯಲ್ಲೇ ಇದೆ, ಮೊದಲು ಓದಿ' ಎಂದು ಯಾರೋ ಬರೆದರು. ಆಮೇಲೆ ಯಾರೂ ಏನೂ ಬರೆಯಲಿಲ್ಲ. ಕೈಪಿಡಿಯ ತಲೆಬುಡ ತಿಳಿಯಲಿಲ್ಲ. ತಪ್ಪು ಮಾಡುತ್ತ, ಅಳಿಸುತ್ತ, ಒಂದು ಮಳೆಗಾಲವಿಡೀ ತಾನೇ ಕಲಿತಳು. ಹಿಂದೆ ಬರುವವರಿಗಾದರೂ ಈ ಪಾಡು ಬೇಡವೆಂದು ಕೈಪಿಡಿಯ ಮೊದಲ ಪಾಠವನ್ನು ಕನ್ನಡದಲ್ಲಿ ಬರೆದಳು.

ಅದು ಹೊಸಬರಿಗೆ ತಿಳಿಯುತ್ತದೋ ಇಲ್ಲವೋ ನೋಡಬೇಕಲ್ಲ. ಒಂದು ಭಾನುವಾರ ಲ್ಯಾಪ್‌ಟಾಪು ಹಿಡಿದು ಬಸ್ಸು ಹತ್ತಿ ಹಟ್ಟಿಕೇರಿಗೆ, ಅಣ್ಣ ಹರೀಶನ ಮನೆಗೆ ಹೋದಳು. ಅಣ್ಣ ಗದ್ದೆಯಲ್ಲಿದ್ದ. ಅತ್ತಿಗೆ ಸುನೀತಾ ಮಹಿಳಾ ಸಂಘದ ಉಪ್ಪಿನಕಾಯಿ ಬಾಟಲಿ ಒರೆಸುತ್ತಿದ್ದಳು.

"ಅತ್ಗೆ, ನಿಮ್ಮ ಬಾಟ್ಲಿಗೆ ಲೇಬಲ್ ಮಾಡೂಕೆ ಕಲೀತ್ಯಾ? ಎಲ್ಲ ಇದ್ರಲ್ಲೇ ಬರ್ದದೆ."

ಸುನೀತಾ ಕೈ ಒರೆಸಿಕೊಂಡು ಬಂದು ಕೂತಳು. ತುಟಿ ಅಲುಗಿಸುತ್ತ ಓದಿದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳು ಮೌಸಿನ ಮೇಲೇ ನಿಂತುಬಿಟ್ಟಿತು.

"ಈಗ ಎಂತ ಮಾಡ್ಬೇಕು ಜಯಾ?"

"ಅಲ್ಲೇ ಬರ್ದದ್ಯಲ್ಲ ಅತ್ಗೆ, ಓದು ಮೊದ್ಲು. ಇಷ್ಟೂ ತಿಳೂದಿಲ್ವಾ?"

ಸುನೀತಾಳ ಮುಖ ಸಣ್ಣದಾಯಿತು. ಒಲೆಯ ಮೇಲೆ ಅನ್ನವಿದೆ ಎಂದು ಒಳಗೆ ಹೋದವಳು ಮತ್ತೆ ಲ್ಯಾಪ್‌ಟಾಪಿನ ಹತ್ತಿರ ಬರಲಿಲ್ಲ. ಊಟಕ್ಕೆ ಬಡಿಸುವಾಗ ಆಡಿದ್ದು "ಸಾರು ಹಾಕ್ಲಾ?" ಎಂದಷ್ಟೇ.

ವಾಪಸ್ ಬರುವ ಬಸ್ಸಿನಲ್ಲಿ ಜಯಶ್ರೀಗೆ ತನ್ನ ಮಾತೇ ಕಿವಿಯಲ್ಲಿ ಕೂತಿತ್ತು. ಗುಂಪಿನಲ್ಲಿ ತನ್ನ ಬಾಯಿ ಮುಚ್ಚಿಸಿದವರ ಮಾತನ್ನೇ, ಅವರಿಗಿಂತ ಕೆಟ್ಟದಾಗಿ, ಮನೆಯವಳಿಗೇ ಆಡಿಬಿಟ್ಟಿದ್ದಳು. ಮರುದಿನ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ಕೊನೆಗೆ ಫೋನ್ ಮಾಡಿದಳು.

"ಅತ್ಗೆ, ನಾ ಹಂಗೆ ಹೇಳ್ಬಾರ್ದಾಗಿತ್ತು."

"ಹೋಗ್ಲಿ ಬಿಡೆ."

"ಬಿಡೂದಲ್ಲ. ನೀ ಎಲ್ಲಿ ಸಿಕ್ಕಾಕಂಡೆ, ಹೇಳು."

ಸುನೀತಾ ಕೋಳಿಗಳನ್ನು ಹುಶ್ ಎಂದು ಅಟ್ಟಿ ಫೋನಿಗೆ ಮರಳಿದಳು.

"'ಮೇಲಿನ ಪಟ್ಟಿಯಲ್ಲಿ ಸುಮ್ಮನೆ ಕ್ಲಿಕ್ ಮಾಡಿ' ಅಂತ ಬರ್ದಿದ್ಯಲ್ಲ. ಪಟ್ಟಿ ಯಾವ್ದು ಅಂತ್ಲೇ ಗೊತ್ತಾಗ್ಲಿಲ್ಲ. ಕೇಳ್ವಾ ಅಂದ್ರೆ, 'ಸುಮ್ಮನೆ' ಅಂತ ಬರ್ದದೆ. ಎಲ್ಲರಿಗೂ ಸುಮ್ನೆ ಬತ್ತದೆ, ನಂಗೊಬ್ಳಿಗೇ ಬರೂದಿಲ್ಲ ಅಂತ ನಾಚ್ಕೆ ಆಯ್ತು."

ಜಯಶ್ರೀ ಪಾಠ ತೆರೆದು ನೋಡಿದಳು. ಪುಟದ ತುಂಬ 'ಸುಮ್ಮನೆ', 'ಸುಲಭವಾಗಿ', 'ನಿಮಗೆ ಗೊತ್ತಿರುವಂತೆ'. ಎಲ್ಲವನ್ನೂ ಕಿತ್ತಳು. ಪಟ್ಟಿ ಎಲ್ಲಿದೆ, ಒತ್ತಿದರೆ ಏನು ತೆರೆಯುತ್ತದೆ, ಬೇರೇನೋ ತೆರೆದುಕೊಂಡರೆ ಹಿಂದೆ ಬರುವುದು ಹೇಗೆ, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಬರೆದಳು. ಕೋಣೆಯಲ್ಲಿ ಒಬ್ಬಳೇ ಇದ್ದರೂ ಪ್ರತಿ ಸಾಲನ್ನೂ ಜೋರಾಗಿ ಓದಿಕೊಂಡಳು. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಪಾಠ ಕಳಿಸಿ ಬಹಳ ದಿನಗಳ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬಂತು. 'ನನಗೆ ಈ ಭಾಷೆ ಓದಲು ಬರುವುದಿಲ್ಲ. ಸರಿಯಿದೆಯೆಂದು ನಂಬಿ ಕೈಪಿಡಿಗೆ ಸೇರಿಸಿದ್ದೇನೆ. ಧನ್ಯವಾದ.'

ಸೇರಿಸಿದವರಿಗೆ ಓದಲು ಬಾರದು. ಓದಬಲ್ಲವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಖುಷಿ ಹಂಚಿಕೊಳ್ಳಲು ಕೋಣೆಯಲ್ಲಿ ಯಾರೂ ಇಲ್ಲ. ಕಾಳಿ ನದಿಯ ದಂಡೆಗೆ ಹೋಗಿ ನಿಂತು ಹಟ್ಟಿಕೇರಿಗೆ ಫೋನ್ ಹಚ್ಚಿದಳು.

"ನಾ ಬರ್ದದ್ದು ತಕಂಡ್ರು ಅತ್ಗೆ."

"ಯಾರು?"

"ಯಾರೋ. ಗೊತ್ತಿಲ್ಲ."

ಸುನೀತಾ ನಕ್ಕಳು. "ಗೊತ್ತಿಲ್ದವ್ರಿಗೆ ಇಷ್ಟೆಲ್ಲ ಬರೀತ್ಯಾ? ಆಯ್ತವಾರ ಲ್ಯಾಪ್‌ಟಾಪ್ ತಕಂಡು ಬಾ. ನೀ ಬಾಯಿ ಹಾಕ್ಬೇಡ, ನಾನೇ ಓದ್ಕಂಡು ಮಾಡ್ತೆ."

"ಬತ್ತೆ" ಎಂದಳು ಜಯಶ್ರೀ. ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ಕತ್ತಲಾಗುವ ಮೊದಲೇ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಎರಡನೇ ಪಾಠ ತೆರೆದು ಕೂತಳು.