ಬಾಯಿ ಹಾಕದ ದಿನ

ಊರಿನ ಡಾಕ್ಟರ ಕೋಣೆಯೆಂದರೆ ಸಂತೆ ಎಂದು ಬೇಕರಿ ಕೆಲಸದಾಕೆ ಸದಾ ಮೂಗು ಮುರಿಯುತ್ತಿದ್ದಳು. ಅಲ್ಲಿ ಗಂಡ "ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್ಕು" ಎನ್ನುವಷ್ಟರಲ್ಲಿ ಅತ್ತೆ, ನಾದಿನಿ, ಕೊನೆಗೆ ಪಕ್ಕದಲ್ಲಿ ಕೂತ ಬೇರೆ ರೋಗಿಯೂ ಬಾಯಿ ಹಾಕುತ್ತಿದ್ದರು: "ಸುಳ್ಳು ಡಾಕ್ಟ್ರೇ, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಾನೆ!"

ಕೆಲಸಕ್ಕೆಂದು ಗಂಡನ ಜೊತೆ ಅವಳು ಹೋಗಿ ನೆಲೆಸಿದ್ದ ಪರದೇಶದಲ್ಲಿ ಆಸ್ಪತ್ರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಡಾಕ್ಟರು ಗಂಡನನ್ನೇ ಸಮಾಧಾನದಿಂದ ವಿಚಾರಿಸಿದರು. ಅವನದು ಅದೇ ಹಳೇ ರಾಗ: "ಏನಿಲ್ಲ, ಸ್ವಲ್ಪ ಗ್ಯಾಸ್ಟ್ರಿಕ್ಕು." ಮಾತು ಅವಳ ನಾಲಿಗೆಯ ತುದಿಗೆ ಬಂತು. ಇಲ್ಲಿ ನಡುವೆ ಬಾಯಿ ಹಾಕಿದರೆ ಮರ್ಯಾದೆಯಲ್ಲವೆಂದು ನುಂಗಿಕೊಂಡಳು. ಡಾಕ್ಟರು ಅವನನ್ನು ನಂಬಿ, ಹೊಟ್ಟೆಯ ಮಾತ್ರೆ ಕೊಟ್ಟು ಕಳಿಸಿದರು.

ಆ ವಾರವೇ ಅವನ ಎದೆಬಡಿತ ನಿಂತುಹೋಯಿತು.

ಊರಿಂದ ಅತ್ತೆ ಬೈಯಲಿಲ್ಲ. ಫೋನಿನಲ್ಲಿ ಕೇಳಿದ್ದು ಒಂದೇ: "ಪಕ್ಕದಲ್ಲೇ ಕೂತಿದ್ಯಲ್ಲೇ ತಾಯಿ, ಸುಳ್ಳು ಅಂತ ಹೇಳ್ಬಾರದಿತ್ತಾ?"